ವಾರಕ್ಕೊಂದು ಹೂವು

ಇಸ್ತ್ರಿಯಕ್ಕನಿಗೆ ಜಂಭ ಜಾಸ್ತಿ ಎಂದು ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಜಂಭ ಪಡುವುದಕ್ಕೂ ಒಂದು ಆಧಾರ ಬೇಕಲ್ಲ, ಅದು ಅವಳ ಹತ್ತಿರ ಬೇಕಾದಷ್ಟಿತ್ತು. ಇಪ್ಪತ್ತೆಂಟು ವರ್ಷದಿಂದ ಅವಳು ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಾಳೆ. ತನ್ನ ಕೈ ದಾಟಿ ಹೋದ ಹಾಸಿಗೆ ಬಟ್ಟೆಯಲ್ಲಿ ಯಾರಾದರೂ ಒಂದು ಸುಕ್ಕು ತೋರಿಸಿದರೆ ಅವತ್ತೇ ಕೆಲಸ ಬಿಟ್ಟು ಮನೆಗೆ ಹೋಗುತ್ತೇನೆ ಎಂದು ಬಂದ ಹೊಸದರಲ್ಲೇ ಪಂಥ ಕಟ್ಟಿದ್ದಳು. ಇನ್ನೂ ಮನೆಗೆ ಹೋಗಿಲ್ಲ.

ಆದರೆ ಅವಳ ನಿಜವಾದ ಜಂಭ ಇಸ್ತ್ರಿಯದ್ದಲ್ಲ, ಹೂವಿನದ್ದು. ಅದೂ ಒಣಗಿದ ಹೂವಿನದ್ದು.

ಅದು ಶುರುವಾದದ್ದು ಹೀಗೆ. ಹೆರಿಗೆ ವಾರ್ಡಿಗೆ ಬರುವಷ್ಟು ಹೂವು ಆಸ್ಪತ್ರೆಯ ಬೇರೆ ಯಾವ ವಾರ್ಡಿಗೂ ಬರುವುದಿಲ್ಲ. ಮಗು ಹುಟ್ಟಿತೆಂದರೆ ಸಾಕು, ಅಜ್ಜ ಒಂದು ಗೊಂಚಲು ತರುತ್ತಾನೆ, ಅತ್ತೆ ಒಂದು ಗೊಂಚಲು ತರುತ್ತಾಳೆ, ಆಫೀಸಿನವರೆಲ್ಲ ಸೇರಿ ಇನ್ನೊಂದು ತರುತ್ತಾರೆ. ಮೂರನೇ ದಿನ ಮನೆಗೆ ಹೊರಡುವಾಗ ಮಗು ನೆನಪಿರುತ್ತದೆ, ಬಟ್ಟೆಗಂಟು ನೆನಪಿರುತ್ತದೆ, ಫ್ಲಾಸ್ಕು ನೆನಪಿರುತ್ತದೆ, ಹೂವು ಮಾತ್ರ ಕಿಟಕಿಯಲ್ಲೇ ಉಳಿಯುತ್ತದೆ. ಹಾಸಿಗೆ ಬಿಚ್ಚುವ ಆಯಾ ಅವಸರದಲ್ಲಿ ಅದನ್ನೂ ಬಟ್ಟೆಯೊಳಗೆ ಸುತ್ತಿ ಕೆಳಗೆ ತಳ್ಳುತ್ತಾಳೆ. ಹಾಗೆ ಬಂದ ಒಂದು ಗೊಂಚಲು ಯಾವಾಗಲೋ ಬಿಸಿನೀರಿನ ಪೈಪಿನ ಹಿಂದೆ ಜಾರಿ ಬಿದ್ದಿತ್ತು. ತಿಂಗಳ ಮೇಲೆ ಕಸ ಗುಡಿಸುವಾಗ ಇಸ್ತ್ರಿಯಕ್ಕ ಅದನ್ನು ಎಳೆದು ನೋಡಿದರೆ, ತಲೆಕೆಳಗಾಗಿ ಸಿಕ್ಕಿಕೊಂಡಿದ್ದ ಆ ಹೂವುಗಳು ಗರಿಗರಿಯಾಗಿ ಒಣಗಿದ್ದವು, ಬಣ್ಣ ಮಾತ್ರ ಹಾಗೇ ಇತ್ತು. ಕತ್ತಲೆ, ಬೆಚ್ಚಗಿನ ಗಾಳಿ, ತಲೆಕೆಳಗೆ. ಬೇರೆಯವರಾಗಿದ್ದರೆ ಕಸದ ಬುಟ್ಟಿಗೆ ಹಾಕುತ್ತಿದ್ದರು. ಇವಳು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು.

ಆಮೇಲಿನ ಎಂಟು ಹತ್ತು ವರ್ಷ ಅವಳು ಹಾಳು ಮಾಡಿದ ಹೂವಿಗೆ ಲೆಕ್ಕವಿಲ್ಲ. ಬಿಸಿಲಿನಲ್ಲಿ ಒಣಗಿಸಿದಳು, ಒಗೆದೊಗೆದು ಸವೆದ ಬಟ್ಟೆಯ ಹಾಗೆ ಬಿಳಿಚಿಕೊಂಡವು. ಅಡುಗೆಮನೆಯಲ್ಲಿ ತೂಗುಹಾಕಿದಳು, ಎಣ್ಣೆ ಜಿಡ್ಡು ಹಿಡಿಯಿತು. ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇರುವಾಗ ಯಾರ ಹಂಗೇನು ಎಂದು ಗುಲಾಬಿಯ ಮೇಲೆ ಬಿಸಿ ಇಸ್ತ್ರಿ ಎಳೆದಳು. ಗುಲಾಬಿ ಹೋಯಿತು, ಕೆಳಗೆ ಹಾಸಿದ್ದ ಮೇಜುಬಟ್ಟೆಯೂ ಹೋಯಿತು. ಮಹಡಿಯ ಮೇಲೆ ಇದ್ದ ನಾದಿನಿಗಂತೂ ಹಬ್ಬವೋ ಹಬ್ಬ.

"ಅತ್ತಿಗೆ, ಜನ ಹೂವು ಬಾಡದೆ ಇರ್ಲಿ ಅಂತಾರೆ. ನೀವು ಬಾಡ್ಲಿ ಅಂತ ಕಾಯ್ತೀರಲ್ಲ!" ಎಂದು ಮೆಟ್ಟಿಲ ಮೇಲೆ ನಿಂತು ಛೇಡಿಸುತ್ತಿದ್ದಳು.

"ಬಾಡೋದು ಬೇರೆ, ಒಣಗೋದು ಬೇರೆ ಕಣೆ. ನಿನ್ನ ಮುಖ ಬಾಡಿದ್ದು. ನನ್ನ ಹೂವು ಒಣಗಿದ್ದು," ಎಂದು ಇವಳು ಅಷ್ಟೇ ಚುರುಕಾಗಿ ಉತ್ತರ ಕೊಡುತ್ತಿದ್ದಳು.

ಹಾಳು ಮಾಡುತ್ತಾ ಮಾಡುತ್ತಾ ಕೈ ಪಳಗಿತು. ಸುಗಂಧರಾಜ ಎಂದಿಗೂ ಕೈ ಹಿಡಿಯುವುದಿಲ್ಲ, ಚಹಾ ಬಣ್ಣಕ್ಕೆ ತಿರುಗಿಯೇ ತಿರುಗುತ್ತದೆ. ಕಡು ಕೆಂಪು ಗುಲಾಬಿ ಒಣಗಿದರೆ ಕಪ್ಪಾಗುತ್ತದೆ, ಕೆಂಪೇ ಬೇಕೆಂದರೆ ಕಿತ್ತಳೆ ಕಡೆಗೆ ವಾಲಿದ್ದನ್ನು ಆರಿಸಬೇಕು. ಪೂರ್ತಿ ಅರಳಿದ್ದನ್ನು ಮುಟ್ಟಲೇಬಾರದು, ಒಣಗುತ್ತಾ ಎಸಳು ಉದುರಿಸಿಕೊಂಡು ಬೋಳಾಗುತ್ತದೆ. ಮನೆಯ ಮೆಟ್ಟಿಲ ಕೆಳಗೆ ಗೂಡಿನಂಥ ಒಂದು ಕತ್ತಲೆ ಕೋಣೆ ಇತ್ತು. ಅಲ್ಲಿದ್ದ ಹಳೇ ಬಕೆಟ್ಟು, ಮುರಿದ ಕುರ್ಚಿ ಎಲ್ಲವನ್ನೂ ಹೊರಗೆ ಎಸೆದು, ಅಡ್ಡ ತಂತಿ ಕಟ್ಟಿ, ಐದೈದು ಕಡ್ಡಿಯ ಕಟ್ಟು ಮಾಡಿ ತಲೆಕೆಳಗಾಗಿ ತೂಗುಬಿಟ್ಟಳು. ಎರಡು ವಾರದಲ್ಲಿ ಒಣಗಿದವು. ಆದರೆ ಅವಳಿಗೆ ಸಮಾಧಾನವಿಲ್ಲ. ತೂಗುಬಿಟ್ಟ ಹೂವು ಮುದುಡಿಕೊಳ್ಳುತ್ತದೆ, ನೋಡಿದರೆ ಒಣಗಿದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾಗಬಾರದು ಎನ್ನುವುದು ಅವಳ ಹಟ.

ಆ ಹಟಕ್ಕೆ ದಾರಿ ತೋರಿಸಿದವನು ಗಂಡ. ಅವನು ನೀರು ಸರಬರಾಜಿನವನು. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲೆ ಹೊತ್ತುಕೊಂಡು ಬೀದಿ ಬೀದಿಯ ವಾಲ್ವು ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಹಾಗಾಗಿ ಊರಿಗೆಲ್ಲ ಅವನು ನೀರಣ್ಣ. ಸಾಧು ಪ್ರಾಣಿ. ದಾರಿ ಬದಿಯ ಗಿಡ ಸೊರಗಿದ್ದು ಕಂಡರೆ ನಿಂತು ನೀರು ಹಾಕದೆ ಮುಂದೆ ಹೋದವನಲ್ಲ. ಮರಳಿನಲ್ಲಿ ಹೂತಿಟ್ಟರೆ ಹೂವಿನ ಆಕಾರ ಕೆಡುವುದಿಲ್ಲ ಎಂದು ಹೆಂಡತಿ ಎಲ್ಲೋ ಕೇಳಿಕೊಂಡು ಬಂದು, ಕಟ್ಟಡದ ಮರಳು ಹಾಕಿ ಎಸಳನ್ನೆಲ್ಲ ಗೀರಿಕೊಂಡು ಕೂತಿದ್ದಾಗ, ಅವನು ನೀರು ಸೋಸುವ ತೊಟ್ಟಿಯ ಮರಳಿನ ಸುದ್ದಿ ತೆಗೆದ. ತೊಳೆದು ಜರಡಿ ಹಿಡಿದ ಮರಳು, ಮಣ್ಣಿನ ಸುಳಿವಿಲ್ಲ, ಕಾಳು ಕಾಳೂ ಒಂದೇ ಅಳತೆ. ತೊಟ್ಟಿಯ ಹಾಸು ಬದಲಾಯಿಸಿ ಹಳೆಯದನ್ನು ಹೊರಗೆ ಸುರಿದಾಗ ಇಂಜಿನಿಯರನ್ನು ಕೇಳಿ ಎರಡು ಚೀಲ ಹೊತ್ತು ತಂದ.

ಇಸ್ತ್ರಿಯಕ್ಕ ಆ ಮರಳನ್ನು ಬೊಗಸೆಯಲ್ಲಿ ತುಂಬಿ ಬೆರಳ ಸಂದಿಯಿಂದ ಇಳಿಬಿಟ್ಟು ನೋಡಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡ ತಂದುಕೊಟ್ಟದ್ದರಲ್ಲಿ ಅವಳು ಬಾಯ್ತುಂಬ ಹೊಗಳಿದ್ದು ಅದೊಂದನ್ನೇ.

ಆ ಕೆಲಸ ನೋಡುವುದಕ್ಕೆ ತಾಳ್ಮೆ ಬೇಕು. ಪೆಟ್ಟಿಗೆಯ ತಳಕ್ಕೆ ನಾಲ್ಕು ಬೆರಳು ಮರಳು ಹಾಸಿ, ಹೂವನ್ನು ಮುಖ ಮೇಲೆ ಮಾಡಿ ನಿಲ್ಲಿಸುತ್ತಿದ್ದಳು. ಮರಳನ್ನು ಹೂವಿನ ನೆತ್ತಿಗೆ ಸುರಿಯುವ ಹಾಗಿಲ್ಲ, ಭಾರಕ್ಕೆ ಚಪ್ಪಟೆಯಾಗುತ್ತದೆ. ಪಕ್ಕದಿಂದ, ಚಹಾ ಚಮಚದಲ್ಲಿ, ಮೊದಲು ಎಸಳಿನ ಕೆಳಗೆ, ಆಮೇಲೆ ಸಂದಿಗೆ, ಕಟ್ಟಕಡೆಗೆ ಮೇಲೆ. ಒಂದು ಹೂವಿಗೆ ಅರ್ಧ ಗಂಟೆ. ಆಮೇಲೆ ಮೂರು ವಾರ ಯಾರೂ ಪೆಟ್ಟಿಗೆ ಅಲ್ಲಾಡಿಸಕೂಡದು. ತೆಗೆಯುವಾಗಲೂ ಅಷ್ಟೇ, ತಳದ ಮೂಲೆಯಲ್ಲಿ ಕೊರೆದ ತೂತಿನ ಬಿರಟೆ ತೆಗೆದರೆ ಮರಳು ತಾನಾಗಿ ಸದ್ದಿಲ್ಲದೆ ಇಳಿದು ಹೋಗುತ್ತದೆ, ಹೂವು ತಾನಾಗಿ ಮೇಲೇಳುತ್ತದೆ. ಮೊದಲ ಸಲ ಹಾಗೆ ಎದ್ದ ಹಳದಿ ಗುಲಾಬಿಯನ್ನು ನೋಡಿ ಅವಳು ಕೂತಲ್ಲೇ ಅತ್ತುಬಿಟ್ಟಳು. ಅದನ್ನು ಯಾರಿಗೂ ಹೇಳಲಿಲ್ಲ, ತೋರಿಸಲೂ ಇಲ್ಲ. ತೋರಿಸುವುದಕ್ಕೆ ಒಂದು ದಿನ ಬರುತ್ತದೆ ಎಂದು ಕಾದಳು. ಪೆಟ್ಟಿಗೆಗಳೆಲ್ಲ ಅವಳ ಮಂಚದ ಕೆಳಗೆ, ಮೇಲೊಂದು ಹಳೇ ಹೊದಿಕೆ, ಮನೆಯವರಿಗೆಲ್ಲ ಒಂದೇ ಎಚ್ಚರಿಕೆ: "ಮುಟ್ಟಿದ್ರೆ ಜೋಕೆ!"

ಆ ದಿನ ತಂದುಕೊಟ್ಟವರು ದೊಡ್ಡ ಸಿಸ್ಟರು.

ಹೆರಿಗೆ ವಾರ್ಡಿನ ಈ ಹಿರಿಯ ನರ್ಸು ಇಡೀ ಆಸ್ಪತ್ರೆಯನ್ನು ಹುಬ್ಬಿನಲ್ಲೇ ನಡೆಸುವ ಹೆಂಗಸು. ಎಲ್ಲವನ್ನೂ ಎಣಿಸುತ್ತಾರೆ. ಹತ್ತಿಯ ಉಂಡೆ, ಕತ್ತರಿ, ದಿಂಬಿನ ಚೀಲ, ಮಕ್ಕಳ ಕಾಲ್ಬೆರಳು. ಇಸ್ತ್ರಿಯಕ್ಕ ಕೆಲಸಕ್ಕೆ ಸೇರಿದ ಎರಡನೇ ವಾರ, ಆಗಿನ್ನೂ ಚಿಕ್ಕ ನರ್ಸಾಗಿದ್ದ ಅವರು ನೆಲಮಾಳಿಗೆಗೆ ಇಳಿದು ಬಂದು, "ಇವತ್ತು ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದ್ದು ಯಾರು?" ಎಂದು ಕೇಳಿದ್ದರು. ಬೈಗುಳಕ್ಕೆ ಮೈ ಬಿಗಿ ಮಾಡಿಕೊಂಡು ಇವಳು ಮುಂದೆ ಬಂದರೆ, "ಚೆನ್ನಾಗಿದೆ. ನೋವಲ್ಲಿರೋರಿಗೆ ಸುಕ್ಕು ಚುಚ್ಚುತ್ತೆ," ಎಂದಷ್ಟೇ ಹೇಳಿ ಹತ್ತಿ ಹೋಗಿದ್ದರು. ಮೇಲಿನವರು ಬೇರೆ ಯಾರೂ ಕೆಳಗೆ ಇಳಿದು ಬಂದು ಅವಳನ್ನು ಹೊಗಳಿದ್ದಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ. ಆ ಒಂದು ಮಾತಿನ ಮೇಲೆ ಅವಳು ಇಪ್ಪತ್ತೆಂಟು ವರ್ಷ ದುಡಿದಳು ಎಂದರೆ ಉತ್ಪ್ರೇಕ್ಷೆಯಲ್ಲ.

ಅಂಥ ದೊಡ್ಡ ಸಿಸ್ಟರು ಒಂದು ದಿನ ಬಟ್ಟೆ ಎಣಿಸಿ ತೆಗೆದುಕೊಳ್ಳುತ್ತಾ, "ಇನ್ನೊಂದು ವರ್ಷ, ಮೇಲೊಂದು ತಿಂಗಳು ಅಷ್ಟೇ ಕಣೆ. ಆಮೇಲೆ ನಾನು ಮನೆಗೆ," ಎಂದರು. ಮರುದಿನವೇ ಇಸ್ತ್ರಿಯಕ್ಕ ಶುರು ಮಾಡಿದಳು. ಹೆರಿಗೆ ವಾರ್ಡಿನ ಗಂಟಿನಲ್ಲಿ ಬಂದ ಹೂವುಗಳಲ್ಲಿ ವಾರಕ್ಕೊಂದು. ಒಂದೇ ಒಂದು, ಆದರೆ ಆ ವಾರದ ಅತಿ ಚೆಂದದ್ದು. ಬಟ್ಟೆ ಕೋಣೆಯಲ್ಲಿ ಒಂದೊಂದು ವಾರ್ಡಿನ ಬಟ್ಟೆಯ ಮೂಲೆಗೂ ಒಂದೊಂದು ಬಣ್ಣದ ದಾರ ಹೊಲಿದಿರುತ್ತದೆ, ಹೆರಿಗೆ ವಾರ್ಡಿನದ್ದು ಹಳದಿ. ಅದೇ ಹಳದಿ ದಾರದಲ್ಲಿ ಪ್ರತಿ ಹೂವಿನ ಕಡ್ಡಿಗೆ ಬಟ್ಟೆಯ ಪಟ್ಟಿಯೊಂದನ್ನು ಕಟ್ಟಿ, ಬಟ್ಟೆಗೆ ಗುರುತು ಹಾಕುವ ಮಾಸದ ಶಾಯಿಯಲ್ಲಿ ತಾರೀಖು ಬರೆದಳು. ಸಿಸ್ಟರ ಕೊನೆಯ ವರ್ಷದ ಐವತ್ತೆರಡು ವಾರಕ್ಕೆ ಐವತ್ತೆರಡು ಹೂವು.

ಬೀಳ್ಕೊಡುಗೆಗೆ ಒಂದು ತಿಂಗಳಿದೆ ಎನ್ನುವಾಗ ಆಸ್ಪತ್ರೆಯ ಮೇನೇಜರು ಸಭೆ ಕರೆದರು. ಒಳ್ಳೆಯ ಮನುಷ್ಯ, ಆದರೆ ಪ್ಲಾಸ್ಟಿಕ್ಕಿನ ಮೇಲೆ ವಿಪರೀತ ಮೋಹ. ವೇದಿಕೆಯ ಮೇಜಿನ ಮೇಲೆ ಇಟ್ಟು, ಆಮೇಲೆ ಸಿಸ್ಟರಿಗೇ ಕೊಡಲು ದೊಡ್ಡದೊಂದು ಪ್ಲಾಸ್ಟಿಕ್ ಹೂವಿನ ಬುಟ್ಟಿ ನೋಡಿಟ್ಟಿದ್ದೇನೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಸದಾಗುತ್ತದೆ ಎಂದರು. ಎಲ್ಲರೂ ತಲೆ ಅಲ್ಲಾಡಿಸಿದರು. ಹಿಂದಿನ ಬೆಂಚಿನಲ್ಲಿದ್ದ ಇಸ್ತ್ರಿಯಕ್ಕ ಎದ್ದು ನಿಂತಳು.

"ದೊಡ್ಡ ಸಿಸ್ಟರ್‌ಗೆ ಪ್ಲಾಸ್ಟಿಕ್ ಬೇಡ ಸಾರ್. ಅವರ ವಾರ್ಡಿನ ಹೂವೇ ಇದೆ. ಒಂದು ವರ್ಷದ್ದು. ನಾನು ಇಟ್ಟಿದೀನಿ."

"ಒಣಗಿರೋದಾ?" ಮೇನೇಜರು ಮೂಗು ಮುರಿದರು.

"ಒಣಗಿರೋದೇ. ನೋಡಿದ್ರೆ ನಿಮಗೆ ಗೊತ್ತಾಗಲ್ಲ."

ಕೆಲವರು ನಕ್ಕರು. ಆದರೆ ವಾರಕ್ಕೊಂದು ಹೂವು ಎನ್ನುವ ಮಾತು ಮೇನೇಜರಿಗೆ ಹಿಡಿಸಿತು. 'ಐವತ್ತೆರಡು ವಾರ, ಐವತ್ತೆರಡು ಹೂವು' ಎಂದು ಕಾರ್ಡು ಅಚ್ಚು ಹಾಕಿಸುತ್ತೇನೆ ಎಂದರು. ಜೊತೆಗೆ, "ಬೀಳ್ಕೊಡುಗೆಯ ಶನಿವಾರ ಹತ್ತು ಗಂಟೆಗೆ ಸರಿಯಾಗಿ ಬರ್ಬೇಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೇಜಿನ ಮೇಲೆ ನನ್ನ ಬುಟ್ಟಿ. ಆಮೇಲೆ ಬೇಜಾರು ಮಾಡ್ಕೋಬಾರ್ದು," ಎಂದೂ ಸೇರಿಸಿದರು. ನೆಲಮಾಳಿಗೆಯ ಕೆಲಸ ಮೊದಲ ಸಲ ಮೇಲಿನ ಸಭಾಂಗಣದ ಮೇಜು ಹತ್ತಬೇಕಾಗಿತ್ತು. ಇಸ್ತ್ರಿಯಕ್ಕನಿಗೆ ಅವತ್ತು ಮನೆಯ ತನಕ ಕಾಲು ನೆಲಕ್ಕೆ ತಾಗಲಿಲ್ಲ.

ಬೀಳ್ಕೊಡುಗೆಯ ವಾರ ಬಂತು. ಬುಧವಾರ ಅವಳಿಗೆ ವಾರದ ರಜೆ. ಊರ ಆಚೆ ತುದಿಯಲ್ಲಿ ದೊಡ್ಡ ಪೈಪು ಒಡೆದು ನೀರಣ್ಣ ಬೆಳಗ್ಗೆಯೇ ಹೋಗಿದ್ದ. ಇಡೀ ದಿನ ಬಾಗಿಲು ಹಾಕಿಕೊಂಡು ಅವಳು ಪೆಟ್ಟಿಗೆ ಬಿಚ್ಚಿದಳು, ಮೆತ್ತನೆ ಬ್ರಷ್ಷಿನಲ್ಲಿ ಎಸಳೆಸಳಿನ ಮರಳು ಜಾಡಿಸಿದಳು, ಅಗಲ ಬಾಯಿಯ ಬಿಳೀ ಪಿಂಗಾಣಿ ಹೂಜಿಯಲ್ಲಿ ಒಂದೊಂದಾಗಿ ನಿಲ್ಲಿಸಿದಳು. ಹಳದಿ ಗುಲಾಬಿ, ಕೆನೆಬಣ್ಣದ ಸೇವಂತಿಗೆ, ನೇರಳೆ ಡೇಲಿಯಾ, ಸಂದಿಗೆಲ್ಲ ಸಣ್ಣ ಬಿಳೀ ಚುಕ್ಕಿ ಹೂವು. ನೀರಣ್ಣ ಕೆಸರು ಮೆತ್ತಿಕೊಂಡು ತಡವಾಗಿ ಬಂದವನು ಊಟ ಮಾಡಿ ಬಿದ್ದುಕೊಂಡ, ಬೆಳಗಾಗುವ ಮೊದಲೇ ಎದ್ದು ನೀರು ಬಿಡಲು ಹೋದ. ಗುರುವಾರ ಬೆಳಗ್ಗೆ ಅವಳು ಹೂಜಿಯನ್ನು ಹೊರಗಿನ ಕೋಣೆಯ ಮೇಜಿಗೆ ತಂದಿಟ್ಟು, ಹಗಲು ಬೆಳಕಿನಲ್ಲಿ ಸುತ್ತಮುತ್ತ ನೋಡಿ, ಕೆಲಸಕ್ಕೆ ಹೋದಳು.

ಸಂಜೆ ನಾಲ್ಕಕ್ಕೆ ಮರಳಿದಾಗ ನೀರಣ್ಣ ಬಾಗಿಲಲ್ಲೇ ನಗುತ್ತಾ ನಿಂತಿದ್ದ.

"ಏನೇ ನೀನು, ಅಷ್ಟು ಚೆಂದದ ಹೂವು ತಂದಿಟ್ಟು ನೀರು ಹಾಕೋದೇ ಮರೆತು ಹೋಗಿದೀಯಲ್ಲ! ಹೂಜಿ ಒಳಗೆ ಒಂದು ತೊಟ್ಟು ನೀರಿಲ್ಲ. ಪಾಪ, ಬಿಸಿಲು ಬೇರೆ. ನಾನೇ ತುಂಬಿಸ್ದೆ. ಮೇಲಿಂದಾನೂ ಸ್ವಲ್ಪ ಚಿಮುಕಿಸ್ದೆ."

ಇಸ್ತ್ರಿಯಕ್ಕ ಕೈಚೀಲ ಅಲ್ಲೇ ಬಿಟ್ಟಳು. ಅವನನ್ನು ತಳ್ಳಿಕೊಂಡು ಒಳಗೆ ಹೋದಳು. ಹೂಜಿಯ ಕುತ್ತಿಗೆಯ ತನಕ ನೀರು. ಮುಂದಿನ ಸಾಲಿನ ಹೂವುಗಳು ಒದ್ದೆ ಕಾಗದದ ಹಾಗೆ ಜೋತು ಬಿದ್ದಿದ್ದವು.

"ರೀ, ಏನು ಮಾಡಿದ್ರಿ ಇದು! ಒಂದು ವರ್ಷ ರೀ! ಒಂದು ವರ್ಷದ್ದು!"

"ಅಂದ್ರೆ... ಇದು ಆ ಹೂವಾ?" ನೀರಣ್ಣ ಹೂಜಿಯ ಕಡೆ ಬಗ್ಗಿದ. "ಮರಳಲ್ಲಿ ಹೂತಿದ್ದು? ಅಲ್ಲ ಕಣೇ, ನೀನು ಅಂಗಡಿಯಿಂದ ಹೊಸದು ತಂದಿದೀಯ ಅಂತ... ಒಣಗಿರೋ ಹೂವು ನಂಗೆ ಗೊತ್ತಿಲ್ವಾ? ಗೂಡಲ್ಲಿ ತೂಗಾಡೋದು ದಿನಾ ನೋಡ್ತೀನಿ. ಇದು ಹಂಗಿರಲಿಲ್ಲ. ಇದಕ್ಕೆ ಜೀವ ಇತ್ತು!"

ಬೈಯಬೇಕೆಂದು ಅವಳು ಬಾಯಿ ತೆರೆದಳು. ನೀರು, ಗಿಡ, ಹಸಿರು ಇದರಲ್ಲೇ ಮೂವತ್ತು ವರ್ಷ ಕಳೆದವನು, ಸೊರಗಿದ ಎಲೆಯನ್ನು ರಸ್ತೆಯ ಆಚೆಯಿಂದ ಗುರುತು ಹಿಡಿಯುವವನು, ಮೋಸ ಹೋಗಿದ್ದ. ಕೋಪ ನೆತ್ತಿಗೇರಿದ್ದ ಆ ಗಳಿಗೆಯಲ್ಲೂ ಎದೆಯ ಯಾವುದೋ ಮೂಲೆಯಲ್ಲಿ ಒಂದು ಹಿಗ್ಗು ಎದ್ದಿತು, ಅದನ್ನು ಅವಳು ಆಮೇಲೆ ನಾಚಿಕೆಯಿಲ್ಲದೆ ಒಪ್ಪಿಕೊಂಡಳು. ಆದರೆ ಹಿಗ್ಗಿದರೆ ಹೂವು ಒಣಗುವುದಿಲ್ಲ. ಕೊಡಬೇಕಾದ ಬೈಗುಳವನ್ನು ಭಾನುವಾರಕ್ಕೆ ಇಟ್ಟುಕೊಂಡು, ಸೆರಗು ಸಿಕ್ಕಿಸಿದಳು.

"ನಿಂತು ನೋಡ್ಬೇಡಿ. ಮೇಲಿಂದ ನಿಮ್ಮ ತಂಗೀನ ಕರೀರಿ. ದೊಡ್ಡ ಬಾಣಲೆ ತೆಗೀರಿ. ಒಲೆ ಹಚ್ಚಿ."

ನಾದಿನಿ ಓಡಿ ಬಂದಳು. ಅವತ್ತು ಅವಳ ಬಾಯಿಂದ ಒಂದು ಚುಚ್ಚುಮಾತೂ ಬರಲಿಲ್ಲ. ಹಳೇ ಹಾಸಿಗೆ ಬಟ್ಟೆ ಹಾಸಿ ಹೂವುಗಳನ್ನು ಒಂದೊಂದಾಗಿ ಮಲಗಿಸಿದರು. ನೆನೆದ ಕಡ್ಡಿಯನ್ನು ದಾರದ ಗಂಟಿನ ಕೆಳಗೆ ಕತ್ತರಿಸಿ ಅಲ್ಲಿಗೆ ಸಣ್ಣ ತಂತಿ ಸುತ್ತಿದರು. ನೀರಣ್ಣ ಬಾಣಲೆಯಲ್ಲಿ ಮರಳು ಹುರಿದ. ಇಸ್ತ್ರಿಯಕ್ಕ ಪ್ರತಿ ಬಾಣಲೆಗೂ ಕೈಯ ಹಿಂಭಾಗ ಸೋಕಿಸಿ, "ಇನ್ನೂ ಆರ್ಲಿ," "ಹ್ಞೂಂ, ಈಗ ಹಾಕಿ," ಎನ್ನುತ್ತಿದ್ದಳು. ಯಾವ ಬಟ್ಟೆ ಎಷ್ಟು ಬಿಸಿ ತಡೆಯುತ್ತದೆ ಎಂದು ತಿಳಿದ ಆ ಕೈಗೆ ಎಸಳು ಎಷ್ಟು ತಡೆಯುತ್ತದೆ ಎನ್ನುವುದೂ ತಿಳಿದಿತ್ತು. ಚಮಚ ಚಮಚವಾಗಿ ಬೆಚ್ಚನೆಯ ಮರಳು, ಎಸಳಿನ ಕೆಳಗೆ, ಸಂದಿಗೆ, ಮೇಲೆ. ಶುಕ್ರವಾರ ರಜೆ ಹಾಕಿ ಮತ್ತೆ ಮತ್ತೆ ಬೆಚ್ಚನೆಯ ಮರಳು ಬದಲಾಯಿಸಿದಳು.

ಶುಕ್ರವಾರ ಸಂಜೆ ತೆಗೆದು ನೋಡಿದಾಗ ನಲವತ್ಮೂರು ಹೂವು ಉಳಿದಿದ್ದವು. ಒಂಬತ್ತು ಹೋಗಿದ್ದವು. ಕಲೆ ಬಿದ್ದು, ಕಂದಿ, ಎಸಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು.

"ಅತ್ತಿಗೆ," ನಾದಿನಿ ಮೆಲ್ಲಗೆ ಅಂದಳು, "ಗೂಡಲ್ಲಿ ಬೇಕಾದಷ್ಟು ಹೂವಿದೆ. ಒಂಬತ್ತು ತೆಗೆದು ಹಳದಿ ದಾರ ಕಟ್ಟಿ, ತಾರೀಖು ಬರೆದುಬಿಡಿ. ಯಾರಿಗೆ ಗೊತ್ತಾಗತ್ತೆ?"

ನೀರಣ್ಣನೂ ಆಸೆಯಿಂದ ಹೆಂಡತಿಯ ಮುಖ ನೋಡಿದ. ತನ್ನ ತಪ್ಪು ಅಷ್ಟರಲ್ಲೇ ಮುಚ್ಚಿಹೋದರೆ ಅವನ ಹೊಟ್ಟೆಗೆ ಹಾಲು ಹುಯ್ದಂತಾಗುತ್ತಿತ್ತು.

"ಗೂಡಲ್ಲಿರೋದು ಮಾರ್ಕೆಟ್ಟಿನ ಹೂವು. ಅವರ ವಾರ್ಡಿಂದಲ್ಲ," ಇಸ್ತ್ರಿಯಕ್ಕ ಹೇಳಿದಳು. "ಇಪ್ಪತ್ತೆಂಟು ವರ್ಷ ಅವರಿಗೆ ಬಟ್ಟೆ ಎಣಿಸಿ ಕೊಟ್ಟಿದೀನಿ. ಬೇರೆ ವಾರ್ಡಿನ ಬಟ್ಟೆಗೆ ಹಳದಿ ದಾರ ಹೊಲಿದು ಒಂದು ದಿನ ಕೊಟ್ಟಿಲ್ಲ. ಕಡಿಮೆ ಇದ್ರೆ ಕಡಿಮೆ ಇದೆ ಅಂತ ಹೇಳಿದೀನಿ. ಕೊನೇ ದಿನ ಸುಳ್ಳು ಎಣಿಸಿ ಕೊಡ್ಲಾ?"

ಕೆಟ್ಟ ಒಂಬತ್ತನ್ನು ಬಿಸಾಡಲು ಹೋದಳು, ಕೈ ಬರಲಿಲ್ಲ. ಹಳೇ ದಿಂಬಿನ ಚೀಲದಲ್ಲಿ ಸುತ್ತಿ ತನ್ನ ಕೈಚೀಲದ ತಳಕ್ಕೆ ತುರುಕಿದಳು.

ಶನಿವಾರ ಬೆಳಗ್ಗೆ ನೀರಣ್ಣ ಹೂಜಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಡೆದ. ಅತ್ತಿಗೆ ನಾದಿನಿ ಇಬ್ಬರೂ ಮೇಲೆ ಒಂದು ಬಿಳೀ ಬಟ್ಟೆಯನ್ನು ಚಪ್ಪರದ ಹಾಗೆ ಹಿಡಿದುಕೊಂಡು ಅಕ್ಕಪಕ್ಕ ನಡೆದರು. ಬೀದಿಯ ಜನ ಯಾರ ಮೆರವಣಿಗೆ ಇದು ಎಂದು ಬಾಗಿಲಿಗೆ ಬಂದು ನೋಡಿದರು. ನೀರಣ್ಣ ಯಾರನ್ನೂ ತಲೆಯೆತ್ತಿ ನೋಡಲಿಲ್ಲ, ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ ಇಟ್ಟ.

ಸಭಾಂಗಣದ ಬಾಗಿಲಲ್ಲಿ ಮೇನೇಜರು ಗಡಿಯಾರ ನೋಡುತ್ತಾ ನಿಂತಿದ್ದರು. ಬಟ್ಟೆ ಸರಿಸಿದ ಕೂಡಲೇ ಅವರ ಬಾಯಿ ಅರ್ಧ ತೆರೆದುಕೊಂಡಿತು. "ಅರೆ! ಇದು ಒಣಗಿರೋದಾ?"

"ಒಣಗಿರೋದೇ ಸಾರ್. ಆದ್ರೆ ಐವತ್ತೆರಡು ಇಲ್ಲ. ನಲವತ್ಮೂರು ಇದೆ," ಎಂದು ಇಸ್ತ್ರಿಯಕ್ಕ ಅವರು ಕೇಳುವ ಮೊದಲೇ ಹೇಳಿಬಿಟ್ಟಳು.

ಮೇನೇಜರು ಕೈಯಲ್ಲಿದ್ದ ಕಾರ್ಡು ನೋಡಿದರು, ಹೂಜಿ ನೋಡಿದರು. ಅಚ್ಚಾದ ಅಕ್ಷರದ ಮೇಲೆ ಅವರಿಗೆ ಭಾರೀ ಭಕ್ತಿ. "ಅಯ್ಯೋ, ಐವತ್ತೆರಡು ಅಂತ ಎಲ್ಲಾ ಕಡೆ ಹಾಕಿಸಿದೀನಲ್ಲಮ್ಮ. ದೊಡ್ಡ ಸಿಸ್ಟರು ಎಣಿಸದೆ ಬಿಡ್ತಾರಾ? ಎಲ್ಲರ ಮುಂದೆ ಆಭಾಸ ಆಗತ್ತೆ. ಒಂದು ಕೆಲಸ ಮಾಡಿ, ಮೇಜಿನ ಮೇಲೆ ಬುಟ್ಟಿ ಇರ್ಲಿ. ಇದನ್ನ ಅಲ್ಲಿ, ಕಿಟಕಿ ಹತ್ರ ಇಡಿ. ಅಲ್ಲೂ ಚೆನ್ನಾಗಿ ಕಾಣತ್ತೆ."

ಕಿಟಕಿಯಲ್ಲಿ ಚುರುಚುರು ಬಿಸಿಲು. ಒಂದು ಗಂಟೆಯಲ್ಲಿ ಬಣ್ಣ ಹೀರಿಬಿಡುವಂಥ ಬಿಸಿಲು. ಕೊಟ್ಟ ಮಾತು ತಪ್ಪಿದ್ದು ತಾನೇ ಆದ್ದರಿಂದ ಇಸ್ತ್ರಿಯಕ್ಕ ವಾದಕ್ಕೆ ಇಳಿಯಲಿಲ್ಲ. ಹೂಜಿಯನ್ನು ಕಿಟಕಿಗೂ ಒಯ್ಯದೆ, ಗೋಡೆಯ ನೆರಳಿನಲ್ಲಿ ಒಂದು ಕುರ್ಚಿಯ ಮೇಲೆ ಇಟ್ಟು, ಕಾವಲಿನವಳ ಹಾಗೆ ಪಕ್ಕದಲ್ಲಿ ನಿಂತಳು. ವೇದಿಕೆಯ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಕೆಂಪು ಗುಲಾಬಿಗಳು ಮಿರಮಿರ ಮಿಂಚುತ್ತಿದ್ದವು.

ಹನ್ನೊಂದಕ್ಕೆ ದೊಡ್ಡ ಸಿಸ್ಟರು ಬಂದರು. ವೇದಿಕೆಯ ಕಡೆಗೆ ಹೊರಟವರು ಕುರ್ಚಿಯ ಮುಂದೆ ನಿಂತುಬಿಟ್ಟರು. ಕನ್ನಡಕ ಏರಿಸಿಕೊಂಡು ಬಗ್ಗಿದರು. ಒಂದು ಕಡ್ಡಿಯ ಹಳದಿ ದಾರವನ್ನು ಬೆರಳಲ್ಲಿ ತಿರುಗಿಸಿ ಪಟ್ಟಿಯ ತಾರೀಖು ಓದಿದರು.

"ಇದು ನಮ್ಮ ವಾರ್ಡಿನ ದಾರ."

"ಹೌದು ಸಿಸ್ಟರ್. ಹೂವೂ ನಿಮ್ಮ ವಾರ್ಡಿಂದೇ. ಈ ವರ್ಷದ್ದು. ವಾರಕ್ಕೊಂದು."

ಸಿಸ್ಟರು ಇನ್ನೊಂದು ತಾರೀಖು ಓದಿದರು. "ಈ ವಾರ ಅವಳಿ ಮಕ್ಕಳು. ಅಪ್ಪ ಎರಡು ಗೊಂಚಲು ತಂದಿದ್ದ, ಒಂದೊಂದಕ್ಕೆ ಒಂದೊಂದು ಅಂತ." ಇನ್ನೊಂದು. "ಇದು ಆ ಬಸ್ ಕಂಡಕ್ಟರ್ ಹುಡುಗೀದು. ಮೂವತ್ತು ಗಂಟೆ ನೋವು ತಿಂದಳು." ಓದುತ್ತಾ ಓದುತ್ತಾ ಅವರ ತುಟಿ ತಾನಾಗಿ ಎಣಿಸುತ್ತಿತ್ತು. ಎಣಿಸಿ ಮುಗಿಸಿ ಅವರು ತಲೆಯೆತ್ತಿದರು. "ನಲವತ್ಮೂರು. ವರ್ಷಕ್ಕೆ ಒಂಬತ್ತು ವಾರ ಕಡಿಮೆ."

ಇಸ್ತ್ರಿಯಕ್ಕ ಉತ್ತರಿಸುವ ಮೊದಲೇ ನೀರಣ್ಣ ಮುಂದೆ ಬಂದ. ಜನರ ಮುಂದೆ ಎರಡು ಮಾತಾಡಿ ಅಭ್ಯಾಸವಿಲ್ಲದವನು, ಕೈ ಕಟ್ಟಿಕೊಂಡು ನಿಂತ.

"ನನ್ನ ತಪ್ಪು ಅಮ್ಮ. ಇವಳದ್ದಲ್ಲ. ನಾನು ನೀರು ಹಾಕ್ಬಿಟ್ಟೆ. ಹಸೀ ಹೂವು ಅಂದ್ಕೊಂಡೆ."

"ಒಣಗಿದ ಹೂವಿಗೆ ನೀರು ಹಾಕಿದ್ರಾ?" ಸಿಸ್ಟರು ಅವನನ್ನೂ ಹೂವನ್ನೂ ನೋಡಿದರು. ಆಮೇಲೆ ಇಡೀ ಸಭಾಂಗಣಕ್ಕೆ ಕೇಳುವಂತೆ ನಕ್ಕರು. ನೀರಣ್ಣನೂ ನಕ್ಕ. ನಗು ನಿಂತ ಮೇಲೆ ಸಿಸ್ಟರು ಇಸ್ತ್ರಿಯಕ್ಕನ ಕಡೆ ತಿರುಗಿದರು. "ಆ ಒಂಬತ್ತು ಎಲ್ಲಿ?"

"ಕೆಟ್ಟು ಹೋಗಿದೆ ಸಿಸ್ಟರ್. ನೋಡೋ ಹಾಗಿಲ್ಲ."

"ಎಲ್ಲಿ ಅಂತ ಕೇಳಿದೆ."

ಇಸ್ತ್ರಿಯಕ್ಕ ಕೈಚೀಲದ ತಳದಿಂದ ದಿಂಬಿನ ಚೀಲ ತೆಗೆದಳು. ಜೀವಮಾನದಲ್ಲಿ ಕೆಟ್ಟ ಕೆಲಸವನ್ನು ಯಾರಿಗೂ ತೋರಿಸಿದವಳಲ್ಲ. ಸಿಸ್ಟರು ಗಂಟು ಬಿಚ್ಚಿದರು. ಕಂದಿದ ಆ ಒಂಬತ್ತನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಒಂದೊಂದರ ತಾರೀಖನ್ನೂ ಓದಿದರು.

"ನನ್ನ ವಾರ್ಡಿಗೆ ಬಂದೋರೆಲ್ಲ ಮಗು ಎತ್ಕೊಂಡೇ ಹೋಗ್ಲಿಲ್ಲ ಕಣೆ," ಎಂದರು. ಮಾತು ಮೆಲ್ಲಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಬರಿಗೈಲಿ ಹೋದೋರೂ ಇದಾರೆ. ರಿಜಿಸ್ಟರಲ್ಲಿ ಅವರ ಹೆಸರೂ ನಾನೇ ಬರೆದಿದೀನಿ, ಅದೇ ಪೆನ್ನಲ್ಲಿ. ಒಬ್ಬರನ್ನೂ ಬಿಟ್ಟಿಲ್ಲ. ಇವನ್ನ ಯಾಕೆ ಬಿಡ್ಲಿ?"

ಅವರೇ ಹೂಜಿಯನ್ನು ಎತ್ತಿಕೊಂಡು ವೇದಿಕೆ ಹತ್ತಿದರು. ಪ್ಲಾಸ್ಟಿಕ್ ಬುಟ್ಟಿಯನ್ನು ತೆಗೆಯಿರಿ ಎಂದು ಯಾರೂ ಹೇಳಬೇಕಾಗಲಿಲ್ಲ, ಮೇನೇಜರೇ ಓಡಿ ಹೋಗಿ ಅದನ್ನು ಎತ್ತಿ ಪರದೆಯ ಹಿಂದೆ ಇಟ್ಟು ಬಂದರು. ಸಿಸ್ಟರು ಹೂಜಿಯನ್ನು ಮೇಜಿನ ನಡುವೆ ಇಟ್ಟು, ಅದರ ಬುಡಕ್ಕೆ ಸುತ್ತಲೂ ಆ ಒಂಬತ್ತು ಹೂವನ್ನು ದಾರ ಕಾಣುವಂತೆ ಒಂದೊಂದಾಗಿ ಜೋಡಿಸಿದರು. ಕೊನೆಯದನ್ನು ಇಟ್ಟು, "ಐವತ್ತೆರಡು," ಎಂದರು. ಆಮೇಲೆ ಮೈಕು ಹಿಡಿದು ಇಸ್ತ್ರಿಯಕ್ಕನನ್ನು ಕರೆದರು.

"ಬಾರೆ ಮೇಲೆ. ಇದನ್ನ ಹೇಗೆ ನೋಡ್ಕೋಬೇಕು ಅಂತ ನೀನೇ ಹೇಳು."

ವೇದಿಕೆಗೆ ಮೂರು ಮೆಟ್ಟಿಲು. ಅಲ್ಲಿ ತೂಗುವ ದಪ್ಪ ಪರದೆಯನ್ನು ಅವಳು ವರ್ಷಕ್ಕೆರಡು ಸಲ ಇಸ್ತ್ರಿ ಮಾಡಿ ಕಳಿಸುತ್ತಿದ್ದಳೇ ಹೊರತು, ಅದರ ಮುಂದೆ ನಿಂತವಳಲ್ಲ. ಕೆಳಗೆ ಡಾಕ್ಟರುಗಳು, ನರ್ಸುಗಳು, ಆಯಾಗಳು, ಬಟ್ಟೆ ಕೋಣೆಯವರು. ಹಿಂದೆ ಗೋಡೆಗೆ ಒರಗಿ ನಾದಿನಿ. ಮುಂದೆ ನೀರಣ್ಣ, ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯುತ್ತಿಲ್ಲ. ಮನೆಯಲ್ಲಿ ಬಾಯಿಗೆ ಬೀಗವಿಲ್ಲದ ಹೆಂಗಸು ಇಲ್ಲಿ ಮೊದಲು ಸೆರಗು ಸರಿ ಮಾಡಿಕೊಂಡಳು. ಆಮೇಲೆ ಹೂವಿನ ಕಡೆ ನೋಡಿದಳು. ಧೈರ್ಯ ಬಂತು.

"ಬಿಸಿಲಿಗೆ ಇಡಬೇಡಿ ಸಿಸ್ಟರ್. ಅಡುಗೆಮನೇಲಿ ಇಡಬೇಡಿ. ಧೂಳು ಕೂತ್ರೆ ಬಾಯಿಂದ ಊದಬೇಡಿ, ಉಸಿರಲ್ಲಿ ತೇವ ಇರತ್ತೆ. ಮೆತ್ತನೆ ಬ್ರಷ್ ಆಡ್ಸಿ, ಒಳಗಿಂದ ಹೊರಗೆ. ಹಾಗೆ ನೋಡ್ಕೊಂಡ್ರೆ ಎಷ್ಟೋ ವರ್ಷ ಬರತ್ತೆ." ಹೇಳುತ್ತಾ ಹೇಳುತ್ತಾ ಅವಳ ಬೆನ್ನು ನೆಟ್ಟಗಾಯಿತು. "ಯಾರಾದ್ರೂ ಎಲ್ಲಿಂದ ತಂದ್ರಿ ಅಂತ ಕೇಳಿದ್ರೆ, ಅಂಗಡೀದಲ್ಲ ಅಂತ ಹೇಳಿ. ನೆಲಮಾಳಿಗೆಯಲ್ಲಿ ಇಸ್ತ್ರಿ ಮಾಡ್ತಾಳಲ್ಲ, ಅವಳು ಮನೇಲಿ ಮಾಡಿದ್ದು ಅಂತ ಹೇಳಿ."

ಎಲ್ಲರೂ ಚಪ್ಪಾಳೆ ತಟ್ಟಲು ಕೈಯೆತ್ತಿದರು. ಆದರೆ ಅವಳ ಮಾತು ಮುಗಿದಿರಲಿಲ್ಲ. ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಕೊನೆಯ ಸಾಲಿನವರಿಗೂ ಕೇಳಲಿ ಎಂದು, ಗಟ್ಟಿಯಾಗಿ ಹೇಳಿದಳು:

"ಐವತ್ತೆರಡೂ ನಾನೇ ಮಾಡಿದ್ದು."